ದಿಗ್ವ್ರತವೂ ದೂರದೇಶದ ಬಾಳುವೆಯೂ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಐದು ಅಣುವ್ರತಗಳ ಹೆಸರು ನಮ್ಮ ಮನೆಗಳ ಮಕ್ಕಳಿಗೂ ಬಾಯಿಪಾಠವಾಗಿರುತ್ತದೆ. ಅನಂತರ ಬರುವ ಗುಣವ್ರತಗಳ ಪರಿಚಯ ಅಷ್ಟಾಗಿ ಕಾಣುವುದಿಲ್ಲ. ಅವುಗಳಲ್ಲಿ ಮೊದಲನೆಯದು ದಿಗ್ವ್ರತ. ಹತ್ತು ದಿಕ್ಕುಗಳಲ್ಲಿಯೂ ತಾನು ಇಷ್ಟು ದೂರ ಮಾತ್ರ ಹೋಗುವೆನು, ಅದರಾಚೆ ಯಾವ ವ್ಯವಹಾರವನ್ನೂ ಇಟ್ಟುಕೊಳ್ಳೆನು ಎಂದು ಬದುಕಿರುವವರೆಗೆ ಎಲ್ಲೆಯನ್ನು ಕಟ್ಟಿಕೊಳ್ಳುವುದೇ ಇದರ ಸ್ವರೂಪ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಎಲ್ಲೆಗೆ ಎಲ್ಲರೂ ಬಲ್ಲ ಗುರುತುಗಳನ್ನೇ ಸೂಚಿಸಿದ್ದಾರೆ. ಸಮುದ್ರ, ನದಿ, ಅಡವಿ, ಪರ್ವತ, ದೇಶ, ಯೋಜನ ಇವೇ ಆ ಗುರುತುಗಳು. ಎಲ್ಲೆಯಾಚೆಯ ಜೀವರಾಶಿಗೆ ಈ ಶ್ರಾವಕನಿಂದ ಭಯವಿಲ್ಲ. ಎಲ್ಲೆಯಾಚೆಯ ಲಾಭಕ್ಕೆ ಇವನ ಮನಸ್ಸು ಹರಿಯುವುದಿಲ್ಲ. ಹಿಂಸೆಗೂ ಲೋಭಕ್ಕೂ ಒಮ್ಮೆಗೇ ಬೇಲಿ ಹಾಕುವ ವ್ರತವಿದು.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಜೈನ ಮನೆಗಳಿಂದ ಇಂದು ಅನೇಕ ಮಕ್ಕಳು ಸಮುದ್ರವನ್ನೂ ಪರ್ವತವನ್ನೂ ದಾಟಿ ಹೋಗಿದ್ದಾರೆ. ಹಾಗಾದರೆ ಅವರ ಪಾಲಿಗೆ ದಿಗ್ವ್ರತವು ಮುಗಿದ ಮಾತೇ? ನಮ್ಮ ಪುರಾಣಗಳು ಹಾಗೆ ಹೇಳುವುದಿಲ್ಲ. ಚಾರುದತ್ತನ ಕಥೆಯಲ್ಲಿ ವರ್ತಕನು ಹಡಗನ್ನೇರಿ ದೂರ ದ್ವೀಪಗಳಿಗೆ ಹೋಗುತ್ತಾನೆ. 1893ರಲ್ಲಿ ವೀರಚಂದ ಗಾಂಧಿಯವರು ಜೈನಧರ್ಮದ ಪ್ರತಿನಿಧಿಯಾಗಿ ಶಿಕಾಗೋದ ಸರ್ವಧರ್ಮ ಸಮ್ಮೇಳನಕ್ಕೆ ಹೋದಾಗ ಸ್ವಜನರಲ್ಲಿಯೇ ಕೆಲವರು ಸಮುದ್ರಯಾನವನ್ನು ಆಕ್ಷೇಪಿಸಿದರು. ಆದರೆ ಇಂದು ಸಮಾಜವು ಅವರನ್ನು ಅಭಿಮಾನದಿಂದಲೇ ನೆನೆಯುತ್ತದೆ. ದೂರ ಹೋಗುವುದು ತಾನೇ ದೋಷವಲ್ಲ. ಅಳತೆಯಿಲ್ಲದೆ ಹೋಗುವುದು ದೋಷ. ಈ ಭೇದವನ್ನು ತಿಳಿಯಲು ಗೋಕಾಕ ಪೇಟೆಯ ಒಂದು ವ್ಯಾಪಾರಿ ಮನೆತನದ ಉದಾಹರಣೆಯನ್ನು ನೋಡಬಹುದು.

ಆ ಮನೆಯ ಹಿರಿಯ ಮಗ ಎಂಜಿನಿಯರನಾಗಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ನೆಲೆಸಿ ಹಲವು ವರ್ಷಗಳಾದವು. ತಾಯಿಯ ತವರು ಹುಕ್ಕೇರಿ, ಹೆಂಡತಿಯ ತವರು ಮೂಡಲಗಿ. ಒಬ್ಬಳು ಮಗಳು, ಅಲ್ಲಿಯೇ ಹುಟ್ಟಿದವಳು, ಎಂಟು ವರ್ಷದವಳು. ಊರು ಬಿಡುವ ಮುನ್ನ ಆತ ಬಸದಿಯಲ್ಲಿ ಮೂರು ನಿಯಮಗಳನ್ನು ತೆಗೆದುಕೊಂಡಿದ್ದ. ಮದ್ಯ, ಮಾಂಸ, ಮಧುಗಳನ್ನು ಮುಟ್ಟುವುದಿಲ್ಲ. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ದುಡಿಮೆಗಾಗಿ ಈ ಒಂದು ದೇಶವಲ್ಲದೆ ಮತ್ತೊಂದು ದೇಶವನ್ನು ಅರಸಿ ಹೋಗುವುದಿಲ್ಲ. ಮೂರನೆಯದೇ ಅವನ ದಿಗ್ವ್ರತ. ಹೆಚ್ಚಿನ ಸಂಬಳದ ಕರೆಗಳು ಬೇರೆ ದೇಶಗಳಿಂದ ಎರಡು ಸಲ ಬಂದವು. ಎಲ್ಲೆಯನ್ನು ಮೊದಲೇ ಕಟ್ಟಿಕೊಂಡಿದ್ದರಿಂದ ಬೇಡವೆನ್ನಲು ಅವನಿಗೆ ಕಷ್ಟವಾಗಲಿಲ್ಲ.

ಕಷ್ಟ ಬಂದದ್ದು ಎರಡನೆಯ ನಿಯಮದಲ್ಲಿ. ಗೋಕಾಕದಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಎರಡು ಗಂಟೆ ಮಾತ್ರ. ಸೂರ್ಯನು ಚಳಿಗಾಲದಲ್ಲಿ ಆರರ ಸುಮಾರಿಗೆ, ಬೇಸಿಗೆಯ ಕೊನೆಗೆ ಏಳರ ಸುಮಾರಿಗೆ ಮುಳುಗುತ್ತಾನೆ. ಅಂಗಡಿ ಮುಚ್ಚುವ ಮೊದಲು ಮನೆಗೆ ಬಂದು ಉಂಡು ಹೋಗುವ ರೂಢಿ ಈ ಸೂರ್ಯನನ್ನು ನಂಬಿಯೇ ಬೆಳೆದದ್ದು. ಮ್ಯೂನಿಕ್ ಇರುವುದು ಉತ್ತರಕ್ಕೆ 48 ಅಕ್ಷಾಂಶದಲ್ಲಿ. ಅಲ್ಲಿ ಡಿಸೆಂಬರ ತಿಂಗಳಲ್ಲಿ ಮುಂಜಾನೆ ಎಂಟಕ್ಕೆ ಹುಟ್ಟಿದ ಸೂರ್ಯ ಮಧ್ಯಾಹ್ನ ನಾಲ್ಕೂ ಇಪ್ಪತ್ತರ ಸುಮಾರಿಗೆ ಮುಳುಗುತ್ತಾನೆ. ಜೂನ ತಿಂಗಳಲ್ಲಿ ಅಲ್ಲಿಯ ಬೇಸಿಗೆ ಗಡಿಯಾರದಂತೆ ರಾತ್ರಿ ಒಂಬತ್ತು ದಾಟಿದ ಮೇಲೂ ಬಿಸಿಲಿರುತ್ತದೆ. ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುವ ಸಂಪ್ರದಾಯವನ್ನು ಹಿಡಿದರೆ ಚಳಿಗಾಲದಲ್ಲಿ ಮೂರೂವರೆಗೆ ಕೊನೆಯ ತುತ್ತು. ಬೇಸಿಗೆಯಲ್ಲಿ ಎಂಟೂವರೆಗೆ ಉಂಡರೂ ವ್ರತಭಂಗವಿಲ್ಲ!

ಗೋಕಾಕದ ಗಡಿಯಾರವನ್ನೇ ಹಿಡಿದು ವರ್ಷವಿಡೀ ಆರು ಗಂಟೆಗೆ ಉಂಡರಾಗದೇ ಎಂದು ಆತ ಮೊದಲು ಯೋಚಿಸಿದ್ದ. ದೂರವಾಣಿಯಲ್ಲಿ ತಂದೆ ಕೊಟ್ಟ ಉತ್ತರ ಚಿಕ್ಕದು. "ತಮ್ಮಾ, ನಮ್ಮ ಗಡಿಯಾರ ಹಿಡಕೊಂಡು ಕುಂದರಬ್ಯಾಡ. ಯಾ ಊರಾಗ ಉಣ್ತಿ, ಆ ಊರಿನ ಹೊತ್ತ ನೋಡು." ಈ ಮಾತಿನಲ್ಲಿ ಶಾಸ್ತ್ರದ ತಿರುಳಿದೆ. ರಾತ್ರಿಭೋಜನ ತ್ಯಾಗದ ಮೂಲ ಗಡಿಯಾರದಲ್ಲಿಲ್ಲ, ಕಣ್ಣಿಗೆ ಕಾಣದ ಸೂಕ್ಷ್ಮಜೀವಗಳ ಮೇಲಿನ ದಯೆಯಲ್ಲಿದೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ಅಹಿಂಸೆಯ ಅಂಗವಾಗಿಯೇ ವಿವೇಚಿಸಿದ್ದಾರೆ. ಆದ್ದರಿಂದ ಚಳಿಗಾಲದಲ್ಲಿ ಆತ ಎರಡು ಡಬ್ಬಿಗಳನ್ನು ಒಯ್ಯುತ್ತಾನೆ. ಎರಡನೆಯದನ್ನು ಕಚೇರಿಯಲ್ಲಿ ಮೂರು ಗಂಟೆಗೆ ಬಿಚ್ಚುತ್ತಾನೆ. ಬೇಸಿಗೆಯಲ್ಲಿ ಸೂರ್ಯನು ಅನುಮತಿ ಕೊಟ್ಟರೂ ಏಳರ ಮೇಲೆ ಉಣ್ಣುವುದಿಲ್ಲ. ಮೊದಲನೆಯದು ದಯೆ, ಎರಡನೆಯದು ಭೋಗದ ಪರಿಮಾಣ. ಒಂದು ಡಿಸೆಂಬರಿನಲ್ಲಿ ಮಗಳಿಗೆ ಜ್ವರ ಬಂದು ಆಸ್ಪತ್ರೆಯಲ್ಲಿ ದಿನ ಕಳೆದಾಗ ಆತ ಕತ್ತಲೆಯಲ್ಲಿಯೇ ಉಂಡ. ಅದನ್ನು ಮರೆಮಾಡದೆ ಪ್ರತಿಕ್ರಮಣ ಮಾಡಿದ. ತಾಯಿ ಮಾತ್ರ ಇಂದಿಗೂ ಪ್ರತಿ ಕರೆಯಲ್ಲಿ ಕೇಳುವ ಮೊದಲ ಪ್ರಶ್ನೆ, "ಹೊತ್ತ ಮುಳುಗೂದರಾಗ ಉಂಡ್ಯೇನಪ್ಪಾ?"

ಇನ್ನು ಆಹಾರದ ಮಾತು. ಜೋಳದ ಹಿಟ್ಟು ಅಲ್ಲಿಯ ಭಾರತೀಯ ಅಂಗಡಿಗಳಲ್ಲಿ ದೊರೆಯುತ್ತದೆ. ರೊಟ್ಟಿ ಬಡಿಯಲು ಸೊಸೆ ಮೂಡಲಗಿಯಿಂದ ಕಲಿತ ಕೈ ಇದೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗೋಕಾಕದ ಕರದಂಟು ಊರಿನಿಂದ ಹೋಗುತ್ತವೆ. ತುಪ್ಪವನ್ನು ಮಾತ್ರ ಪೆಟ್ಟಿಗೆಯಲ್ಲಿ ಒಯ್ಯಲು ಯುರೋಪಿನ ನಿಯಮ ಬಿಡುವುದಿಲ್ಲ. ಅಲ್ಲಿಯ ಬೆಣ್ಣೆಯನ್ನು ಮನೆಯಲ್ಲಿಯೇ ಕಾಯಿಸುತ್ತಾರೆ. ಮೋಸವಿರುವುದು ಸಸ್ಯಾಹಾರದಂತೆ ತೋರುವ ಪದಾರ್ಥಗಳಲ್ಲಿ. ಮಕ್ಕಳ ಮಿಠಾಯಿಯಲ್ಲಿ ಪ್ರಾಣಿಗಳ ಚರ್ಮ, ಎಲುಬುಗಳಿಂದ ತೆಗೆದ ಜೆಲಟಿನ್ ಇರಬಹುದು. ಇ 120 ಎಂಬ ಕೆಂಪು ಬಣ್ಣ ಕೀಟಗಳಿಂದ ಬಂದದ್ದು. ಇ 904 ಅರಗಿನ ಹುಳುವಿನದು. ಗಿಣ್ಣುಗಟ್ಟಿಯ ಅನೇಕ ಬಗೆಗಳನ್ನು ಎಳೆಗರುವಿನ ಜಠರದಿಂದ ತೆಗೆದ ರೆನೆಟ್ ಹಾಕಿ ಹೆಪ್ಪುಗಟ್ಟಿಸುತ್ತಾರೆ. ನಮ್ಮ ದೇಶದ ಹಸಿರು ಚುಕ್ಕೆಯಂತಹ ಕಡ್ಡಾಯದ ಗುರುತು ಅಲ್ಲಿಲ್ಲ. ಆದ್ದರಿಂದ ಆ ಮನೆಯಲ್ಲಿ ಎಂಟು ವರ್ಷದ ಹುಡುಗಿಯೂ ಪೊಟ್ಟಣವನ್ನು ತಿರುಗಿಸಿ ಓದದೆ ಬಾಯಿಗೆ ಹಾಕುವುದಿಲ್ಲ. ತಿನ್ನುವ ಮುಂಚೆ ವಿಚಾರಿಸುವ ಈ ಅಭ್ಯಾಸವೇ ವಿವೇಕದ ಮೊದಲ ಪಾಠ.

ಮ್ಯೂನಿಕ್‌ನ ದಕ್ಷಿಣಕ್ಕೆ ಆಲ್ಪ್ಸ್ ಪರ್ವತಗಳು. ಆಕಾಶ ತಿಳಿಯಾಗಿದ್ದರೆ ನಗರದಿಂದಲೇ ಕಾಣುತ್ತವೆ. ರವಿವಾರ ಬಂದರೆ ಅಲ್ಲಿಯ ಜನ ಬೆಟ್ಟದ ಹಾದಿ ಹಿಡಿಯುತ್ತಾರೆ. ಬೇಸಿಗೆಯಲ್ಲಿ ನಡಿಗೆ, ಶರತ್ಕಾಲದಲ್ಲಿ ಅಡವಿಯ ಅಣಬೆ ಆರಿಸುವುದು, ಚಳಿಗಾಲದಲ್ಲಿ ಹಿಮದ ಆಟ. ಈ ಕುಟುಂಬವೂ ಹೋಗುತ್ತದೆ. ಇಲ್ಲಿ ಒಂದು ಧರ್ಮಸೂಕ್ಷ್ಮವಿದೆ. ಅನರ್ಥದಂಡದ ಐದು ಭೇದಗಳಲ್ಲಿ ಪ್ರಮಾದಚರ್ಯೆ ಒಂದು. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಗಿಡಬಳ್ಳಿಗಳನ್ನು ಕಡಿಯುವುದು, ಸುಮ್ಮನೆ ತಿರುಗುವುದು ಮತ್ತು ತಿರುಗಿಸುವುದು ಇದರಲ್ಲಿ ಸೇರುತ್ತವೆ. ಹಾಗಿದ್ದರೆ ವಿಹಾರವೇ ದೋಷವೇ?

ವಿಹಾರವೆಂಬ ಶಬ್ದವನ್ನೇ ಗಮನಿಸಬೇಕು. ನಾವು ಮಕ್ಕಳೊಂದಿಗೆ ಹೊರಟರೂ ವಿಹಾರ, ಮುನಿಗಳು ಬರಿಗಾಲಿನಲ್ಲಿ ಊರೂರಿಗೆ ನಡೆದರೂ ವಿಹಾರ. ನಮ್ಮ ಜಿಲ್ಲೆಯ ಶೇಡಬಾಳದಲ್ಲಿ ಜನಿಸಿದ ವಿದ್ಯಾನಂದ ಮುನಿಗಳು 1970ರಲ್ಲಿ ಹಿಮಾಲಯದ ಕಡೆಗೆ ವಿಹಾರಗೈದರು. ಪರ್ವತವು ಅವರನ್ನು ತಡೆಯಲೂ ಇಲ್ಲ, ಅವರು ಅದನ್ನು ಗೆದ್ದೆವೆಂದು ಎಣಿಸಲೂ ಇಲ್ಲ. ಹೆಜ್ಜೆಯಿಡುವ ಮುನ್ನ ನೆಲವನ್ನು ನೋಡುವ ಈರ್ಯಾಸಮಿತಿಯೇ ಅಲ್ಲಿ ದಾರಿದೀಪ. ಶ್ರಾವಕನು ಸಮಿತಿಯನ್ನು ಪೂರ್ಣವಾಗಿ ಪಾಲಿಸಲಾರ. ಅದರ ನೆರಳಿನಲ್ಲಿಯಾದರೂ ನಡೆಯಬಲ್ಲ. ಆ ಕುಟುಂಬ ಗೆರೆ ಹಾಕಿದ ಹಾದಿಯನ್ನು ಬಿಟ್ಟು ಹುಲ್ಲನ್ನು ತುಳಿಯುವುದಿಲ್ಲ, ಹೂವನ್ನು ಕೀಳುವುದಿಲ್ಲ, ಅಣಬೆಯನ್ನು ಮುಟ್ಟುವುದಿಲ್ಲ, ಸಂಜೆಯ ಊಟಕ್ಕಾಗಿ ಬೆಟ್ಟದ ಮೇಲಿನ ಗುಡಿಸಲಲ್ಲಿ ಉಳಿಯುವುದಿಲ್ಲ. ಬುತ್ತಿ ಬಿಚ್ಚಿ ಉಂಡು, ಸ್ವಲ್ಪ ಹೊತ್ತು ಮೌನವಾಗಿ ಕುಳಿತು ಬರುತ್ತದೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬುತ್ತಿ ಉಂಡು ಬರುವ ನಮ್ಮ ಒಕ್ಕಲು ಮನೆಗಳ ಪದ್ಧತಿ ಬೇರೊಂದು ನೆಲದಲ್ಲಿ ಹೀಗೆ ಉಳಿದಿದೆ.

ಸೆಪ್ಟೆಂಬರದಲ್ಲಿ ಅಲ್ಲಿ ಒಂದು ಹಬ್ಬ. ಬೇಸಿಗೆಯುದ್ದಕ್ಕೂ ಬೆಟ್ಟದ ಹುಲ್ಲುಗಾವಲಿನಲ್ಲಿ ಮೇಯ್ದ ದನಗಳನ್ನು ಕೊಂಬಿಗೆ ಹೂ ಸುತ್ತಿ, ಕೊರಳಿಗೆ ದೊಡ್ಡ ಗಂಟೆ ಕಟ್ಟಿ ಊರಿಗೆ ಇಳಿಸುತ್ತಾರೆ. ಮಂದೆಯಲ್ಲಿ ಒಂದು ದನ ಸತ್ತಿದ್ದರೂ ಆ ವರ್ಷ ಶೃಂಗಾರವಿಲ್ಲ ಎಂಬುದು ರೂಢಿ. ಅದನ್ನು ನೋಡಿದ ಮಗಳು, "ಅಪ್ಪಾ, ಕಾರಹುಣ್ಣಿವಿಗೆ ಅಜ್ಜಾರ ಊರಾಗ ಎತ್ತಿಗೂ ಹಿಂಗ ಮಾಡ್ತಾರಲ್ಲ? ಇಷ್ಟು ಪ್ರೀತಿ ಮಾಡೋರು ಕರುವಿನ ಹೊಟ್ಟಿ ಯಾಕ ಕೊಯ್ತಾರ?" ಎಂದು ಕೇಳಿದಳು. ತಂದೆ ಆ ಜನರನ್ನು ನಿಂದಿಸಲಿಲ್ಲ. ಪ್ರೀತಿ ಮತ್ತು ಲಾಭ ಒಂದೇ ಕೊಟ್ಟಿಗೆಯಲ್ಲಿ ಇರುತ್ತವೆ, ಲಾಭ ದೊಡ್ಡದಾದಾಗ ಪ್ರೀತಿ ಸೋಲುತ್ತದೆ ಎಂದು ತಿಳಿಹೇಳಿದ. ಕಾರಹುಣ್ಣಿಮೆಗೆ ಕೋಡಿಗೆ ಬಣ್ಣ ಬಳಿದ ಎತ್ತು ಮುದಿಯಾದ ಮೇಲೆ ನಮ್ಮಲ್ಲಿಯೂ ಸಂತೆಗೆ ಹೋಗುವುದುಂಟು. ಪರದೇಶದವರ ಕಡೆ ಬೆರಳು ತೋರಿಸುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು.

ದಶಲಕ್ಷಣ ಪರ್ವ ಬರುವುದು ಭಾದ್ರಪದದಲ್ಲಿ. ಕೆಲವು ವರ್ಷ ಅದೇ ದಿನಗಳಲ್ಲಿ ಮ್ಯೂನಿಕ್‌ನ ಪ್ರಸಿದ್ಧ ಬಿಯರ್ ಉತ್ಸವವೂ ಬರುತ್ತದೆ; 2023ರಲ್ಲಿ ಹಾಗಾಯಿತು. ಊರೇ ಕುಡಿದು ನಲಿಯುವಾಗ ಒಂದು ಮನೆಯಲ್ಲಿ ಉತ್ತಮ ಕ್ಷಮೆಯಿಂದ ಉತ್ತಮ ಬ್ರಹ್ಮಚರ್ಯದವರೆಗೆ ದಿನಕ್ಕೊಂದು ಧರ್ಮದ ಸ್ವಾಧ್ಯಾಯ ನಡೆಯಿತು. ಸಹೋದ್ಯೋಗಿಗಳು ಕರೆದರು, ಆತ ವಿನಯದಿಂದ ಕಾರಣ ಹೇಳಿದ. ಯಾರೂ ನಗಲಿಲ್ಲ.

ಈಗ ಮೂಲ ವಿಷಯಕ್ಕೆ ಬರಬೇಕು. ತತ್ತ್ವಾರ್ಥಸೂತ್ರವು ದಿಗ್ವ್ರತಕ್ಕೆ ಐದು ಅತಿಚಾರಗಳನ್ನು ಎಣಿಸುತ್ತದೆ. ಮೇಲಕ್ಕೆ ಎಲ್ಲೆ ಮೀರುವುದು, ಕೆಳಕ್ಕೆ ಮೀರುವುದು, ಅಡ್ಡಲಾಗಿ ಮೀರುವುದು, ಕ್ಷೇತ್ರವನ್ನು ಹಿಗ್ಗಿಸಿಕೊಳ್ಳುವುದು. ಐದನೆಯದು ಸ್ಮೃತ್ಯಂತರಾಧಾನ, ಕಟ್ಟಿಕೊಂಡ ಎಲ್ಲೆಯನ್ನೇ ಮರೆಯುವುದು. ಮೊದಲ ನಾಲ್ಕಕ್ಕೆ ಕಾಲುಗಳು ಬೇಕು. ಐದನೆಯದಕ್ಕೆ ಮನೆ ಬಿಟ್ಟು ಹೊರಡುವ ಅಗತ್ಯವೇ ಇಲ್ಲ. ವ್ಯಾಪಾರದಲ್ಲಿ ಹಾನಿಯಾದವನು ಮತ್ತೆ ಎದ್ದು ನಿಲ್ಲಬಲ್ಲ. ದಿನದ ಕೀರ್ದಿಯನ್ನು ಬರೆಯುವುದನ್ನೇ ಬಿಟ್ಟವನಿಗೆ ತನಗೆ ಹಾನಿಯಾದದ್ದೂ ತಿಳಿಯುವುದಿಲ್ಲ.

ಕಳೆದ ಮಳೆಗಾಲದಲ್ಲಿ ಆ ಕುಟುಂಬ ಊರಿಗೆ ಬಂದಿತ್ತು. ಘಟಪ್ರಭೆ ತುಂಬಿ, ಗೋಕಾಕ ಜಲಪಾತ 52 ಮೀಟರ್ ಎತ್ತರದಿಂದ ಕೆಂಪಾಗಿ ಧುಮುಕುತ್ತಿತ್ತು. ಈ ನೀರಿನ ಬಲವನ್ನು ನೆಚ್ಚಿಯೇ 1887ರಲ್ಲಿ ಇಲ್ಲಿ ಆಂಗ್ಲರ ಹತ್ತಿಗಿರಣಿ ಎದ್ದಿತು. ಅಂದು ನಮ್ಮ ಊರಿಗೆ ದೂರದೇಶದವರು ಬಂದು ದುಡಿದರು, ಇಂದು ನಮ್ಮವರು ಅಲ್ಲಿಗೆ ಹೋಗಿ ದುಡಿಯುತ್ತಾರೆ. ಮುನಿಗಳು ಜೀವರಾಶಿಯನ್ನು ತುಳಿಯಬಾರದೆಂದು ಒಂದೆಡೆ ನಿಲ್ಲುವ ಚಾತುರ್ಮಾಸದಲ್ಲಿಯೇ ಜಲಪಾತದ ಬಂಡೆಗಳ ಮೇಲೆ, ಗೊಡಚಿನಮಲ್ಕಿಯ ಹಾದಿಯಲ್ಲಿ, ಹಿಡಕಲ್ ಜಲಾಶಯದ ದಂಡೆಯಲ್ಲಿ ಜನಜಂಗುಳಿ, ಎಸೆದ ಬಾಟಲಿ, ಪ್ಲಾಸ್ಟಿಕ್ ಚೀಲ. ಹಾದಿಯಿಂದ ಹೆಜ್ಜೆ ಸರಿಸದ ಹುಡುಗಿ ಇದನ್ನು ನೋಡಿದಳು.

ಅದೇ ವಾರ ಒಂದು ಜೈನ ಮನೆತನದ ಆರತಕ್ಷತೆ. ದೀಪಗಳು ಝಗಝಗಿಸುತ್ತಿದ್ದ ಮಂಗಲ ಕಾರ್ಯಾಲಯದಲ್ಲಿ ರಾತ್ರಿ ಒಂಬತ್ತಕ್ಕೆ ಊಟದ ಸಾಲು ನಿಂತಿತ್ತು. ದೀಪಕ್ಕೆ ಮುತ್ತಿದ ಮಳೆಗಾಲದ ಹುಳುಗಳು ಪಾತ್ರೆಗಳಲ್ಲಿ ಬೀಳುತ್ತಿದ್ದವು. ಹುಡುಗಿ ಅಜ್ಜನ ಕೈ ಹಿಡಿದು ಕೇಳಿದಳು, "ಅಜ್ಜಾ, ಹೊತ್ತ ಮುಳುಗೇತಲ್ಲ, ಇವರೆಲ್ಲಾ ಯಾಕ ಉಣ್ಣಾಕತ್ತಾರ?" ಮಗನಿಗೆ ಸೂರ್ಯನ ಲೆಕ್ಕ ಕಲಿಸಿದ ಆ ಹಿರಿಯರ ಬಳಿ ಉತ್ತರವಿರಲಿಲ್ಲ. ಬಸದಿಯ ಗಂಟೆ ಕೇಳುವಷ್ಟು ಹತ್ತಿರ ಇರುವವರು ಮರೆತದ್ದನ್ನು ಪರ್ವತದಾಚೆ ಬೆಳೆದ ಮಗು ನೆನಪಿಟ್ಟಿತ್ತು.

ಪರದೇಶಕ್ಕೆ ಹೋದವರೆಲ್ಲರೂ ಹೀಗೆಯೇ ಇದ್ದಾರೆಂದಾಗಲಿ, ಊರಲ್ಲಿ ಉಳಿದವರೆಲ್ಲರೂ ಮರೆತಿದ್ದಾರೆಂದಾಗಲಿ ಇದರ ಅರ್ಥವಲ್ಲ. ದೂರವು ಧರ್ಮವನ್ನು ಕೆಡಿಸದು, ಸಮೀಪವು ಧರ್ಮವನ್ನು ಕಾಯದು. ಕಾಯುವುದು ಸ್ಮೃತಿ ಒಂದೇ. ಆ ಸ್ಮೃತಿಯನ್ನು ಉಳಿಸುವಲ್ಲಿ ಬಸದಿಯ ವಿಶ್ವಸ್ತ ಮಂಡಳಿಗಳು ಮಾಡಬಹುದಾದ ಕೆಲಸ ದೊಡ್ಡ ಖರ್ಚಿನದಲ್ಲ. ತಮ್ಮ ಮಂಗಲ ಕಾರ್ಯಾಲಯಗಳಲ್ಲಿ ಊಟವು ಸೂರ್ಯಾಸ್ತದೊಳಗೆ ಮುಗಿಯಬೇಕೆಂದು ಬಾಡಿಗೆಯ ಕರಾರಿನಲ್ಲಿಯೇ ಬರೆಯಬಹುದು. ಹೊರದೇಶಕ್ಕೆ ಹೊರಟ ಯುವಕ ಯುವತಿಯರನ್ನು ಹಾರ ಹಾಕಿ ಬೀಳ್ಕೊಡುವುದರ ಜೊತೆಗೆ ತಮ್ಮ ಶಕ್ತಿಗೆ ತಕ್ಕ ಒಂದು ಪರಿಮಾಣವನ್ನು ಅವರು ತಾವೇ ಆರಿಸಿಕೊಳ್ಳುವಂತೆ ಪ್ರೇರೇಪಿಸಬಹುದು. ಪಂಚಾಂಗವನ್ನು ಅಚ್ಚು ಹಾಕಿಸುವಾಗ ನಮ್ಮವರು ನೆಲೆಸಿದ ನಗರಗಳ ಸೂರ್ಯೋದಯ, ಸೂರ್ಯಾಸ್ತಗಳ ಒಂದು ಪುಟವನ್ನು ಸೇರಿಸಬಹುದು. ಮನೆಯ ಹಿರಿಯರು ದೂರವಾಣಿಯಲ್ಲಿ ಸಂಬಳ ಎಷ್ಟಾಯಿತೆಂದು ಕೇಳುವ ಮೊದಲು ಹೊತ್ತಿರುವಾಗ ಊಟವಾಯಿತೇ ಎಂದು ಕೇಳಿದರೆ, ಮತ್ತು ಆ ಪ್ರಶ್ನೆಯನ್ನು ತಮಗೂ ಕೇಳಿಕೊಂಡರೆ, ದಿಗ್ವ್ರತವು ಸಮುದ್ರದ ಎರಡೂ ದಂಡೆಗಳಲ್ಲಿ ಬಾಳೀತು.