ಸುಟ್ಟ ಹಲಗೆಯ ಮುಂದೆ

ಅಹಮದಾಬಾದಿನ ವಸ್ತ್ರಾಪುರದ ನಮ್ಮ ಮನೆಗೆ ಕಪಾಟು ಮಾಡಿಕೊಟ್ಟ ಮಿಸ್ತ್ರಿ ಕಾಕಾ ಒಂದು ಭಾನುವಾರ ನನ್ನೊಟ್ಟಿಗೆ ಚಿತ್ರಪ್ರದರ್ಶನಕ್ಕೆ ಬಂದಿದ್ದರು. ಅಲ್ಲಿ ಜೇರಾಂ ಪಟೇಲರ ಒಂದು ಕೃತಿ ಇತ್ತು. ಕ್ಯಾನ್ವಾಸ್ ಅಲ್ಲ, ಪ್ಲೈವುಡ್; ಬ್ಲೋಟಾರ್ಚ್ ಹಿಡಿದು ಸುಟ್ಟದ್ದು. ನಾನು ಎಂದಿನಂತೆ ಅದರೊಳಗೆ ಏನೋ ಒಂದನ್ನು ಹುಡುಕತೊಡಗಿದೆ. ಮೋಡವೆ? ಮಲಗಿದ ಎಮ್ಮೆಯೆ? ಕಾಕಾ ಹುಡುಕಲಿಲ್ಲ. ಕನ್ನಡಕ ಹಣೆಗೇರಿಸಿ, ಪಕ್ಕಕ್ಕೆ ಸರಿದು, ಓರೆಯಾಗಿ ನೋಡಿದರು.

“ಬೆನ್, ಇಲ್ಲಿ ಕೈ ನಿಂತಿದೆ ನೋಡಿ. ಇಲ್ಲಿ ಓಡಿದೆ.”

ನನಗೆ ಚಿತ್ರ ಕಂಡದ್ದು ಆಗ. ಜ್ವಾಲೆ ಓಡಿದಲ್ಲಿ ಮರ ಜೇನುಬಣ್ಣಕ್ಕೆ ತಿರುಗಿತ್ತು. ತಡೆದು ನಿಂತಲ್ಲಿ ಇದ್ದಿಲಾಗಿ, ಮೊಸಳೆಯ ಬೆನ್ನಿನ ಹಾಗೆ ಚೌಕಚೌಕವಾಗಿ ಬಿರಿದಿತ್ತು. ಇನ್ನೂ ಆಳಕ್ಕೆ ಇಳಿದ ಕಡೆ ಪದರಗಳೇ ತೆರೆದುಕೊಂಡಿದ್ದವು. ಪ್ಲೈವುಡ್ಡಿನಲ್ಲಿ ಒಂದು ಪದರದ ನಾರು ಉದ್ದಕ್ಕೆ ಹೋದರೆ ಮುಂದಿನದ್ದು ಅಡ್ಡಕ್ಕೆ. ಬಲ ಬರುವುದೇ ಅದರಿಂದ. “ನಾವು ಜೀವಮಾನವಿಡೀ ಬೀಡಿಂಗ್ ಪಟ್ಟಿ ಹೊಡೆದು ಈ ಪದರ ಮುಚ್ಚುತ್ತೇವೆ. ಇವರು ತೆಗೆದು ತೋರಿಸಿದ್ದಾರೆ,” ಎಂದರು ಕಾಕಾ. ಅಮೂರ್ತ ಚಿತ್ರದ ಬಗ್ಗೆ ನಾನು ಓದಿದ್ದು ಬಹಳ. ಇಷ್ಟು ನೇರವಾದ ಮಾತು ಎಲ್ಲೂ ಸಿಕ್ಕಿರಲಿಲ್ಲ.

ಜೇರಾಂ ಹುಟ್ಟಿದ್ದು 1930ರಲ್ಲಿ, ಇಲ್ಲಿಂದ ವಡೋದರಾ ಕಡೆಗೆ ಹೋಗುವಾಗ ಸಿಗುವ ಚರೋತರ ಸೀಮೆಯ ಸೋಜಿತ್ರಾದಲ್ಲಿ. ಹೊಗೆಸೊಪ್ಪಿನ ಹೊಲಗಳ ನಾಡು. ಮುಂಬಯಿಯ ಜೆ.ಜೆ. ಶಾಲೆಯಲ್ಲೂ ಲಂಡನ್ನಿನಲ್ಲೂ ಕಲಿತು ಬಂದು, ವಡೋದರಾದ ಕಲಾಶಾಲೆಯಲ್ಲಿ ಬಹುಕಾಲ ಪಾಠ ಹೇಳಿದರು, 2016ರಲ್ಲಿ ತೀರಿಕೊಂಡರು. 1962ರಲ್ಲಿ ಭಾವನಗರದ ಒಂದು ಮನೆಯಲ್ಲಿ ಸೇರಿ, ಆ ಮನೆಯ ನಂಬರನ್ನೇ ಹೆಸರಾಗಿಟ್ಟುಕೊಂಡ ‘ಗ್ರೂಪ್ 1890’ರ ಹನ್ನೆರಡು ಜನರಲ್ಲಿ ಇವರೂ ಒಬ್ಬರು. ಮರುವರ್ಷ ದೆಹಲಿಯಲ್ಲಿ ನಡೆದ ಅವರ ಪ್ರದರ್ಶನವನ್ನು ನೆಹರೂ ಉದ್ಘಾಟಿಸಿದರು. ಆ ಗುಂಪಿನ ಪ್ರದರ್ಶನ ಅದೊಂದೇ. ಜೇರಾಂ ಕುಂಚ ಬಿಟ್ಟು ಬೆಂಕಿ ಹಿಡಿದದ್ದು ಹಟಕ್ಕಲ್ಲ ಎಂದು ನನಗೀಗ ಅನ್ನಿಸುತ್ತದೆ. ಬಣ್ಣವನ್ನು ಒರೆಸಿ ಮತ್ತೆ ಬಳಿಯಬಹುದು. ಸುಟ್ಟದ್ದನ್ನು ತಿದ್ದಲು ಬರುವುದಿಲ್ಲ. ಒಂದು ಗಳಿಗೆ ಹೆಚ್ಚು ನಿಂತ ಕೈ ಅಲ್ಲೇ ಉಳಿದುಬಿಡುತ್ತದೆ.

ಊರಿನಲ್ಲಿ ನಮ್ಮಜ್ಜಿಯ ಒಂದು ಮಣೆ ಇದೆ. ಬಚ್ಚಲೊಲೆಯ ಪಕ್ಕ ಒರಗಿಸಿಟ್ಟಿದ್ದಾಗ ಮೂಲೆಗೆ ಬೆಂಕಿ ತಗುಲಿ, ಅಜ್ಜಿ ಓಡಿಬಂದು ಒಂದು ಚೊಂಬು ನೀರು ಎರಚಿದ್ದರಂತೆ. ಎಸೆಯೋಣವೆಂದರೆ, “ಸುಟ್ಟದ್ದು ಮೂಲೆ ಕಣೇ, ಕೂರೋ ಜಾಗ ಗಟ್ಟಿಯಾಗಿದೆ” ಎನ್ನುತ್ತಿದ್ದರು. ಅದರ ಮೇಲೆ ಕೂತು ಉಂಡು ಬೆಳೆದವಳು ನಾನು. ಒಂದು ದಿನವೂ ಅದನ್ನು ಎತ್ತಿ ನೋಡಿರಲಿಲ್ಲ.

ಈ ಸಲ ಊರಿಗೆ ಹೋದಾಗ ಅಂಗಳಕ್ಕೆ ತಂದು, ಕಾಕಾನ ಹಾಗೆ ಓರೆಯಾಗಿ ಬೆಳಕಿಗೆ ಹಿಡಿದೆ. ಮೂಲೆಯಿಂದ ಏರಿಬಂದ ಕಪ್ಪು ಒಂದು ಕಡೆ ಮೆಲ್ಲಗೆ ಕಂದಾಗಿ ಮರದಲ್ಲಿ ಕರಗಿದೆ. ಇನ್ನೊಂದು ಕಡೆ, ಬಾಗಿದ ಒಂದು ಗೆರೆಯಲ್ಲಿ, ಥಟ್ಟನೆ ನಿಂತಿದೆ. ನೀರು ಬಿದ್ದದ್ದು ಅಲ್ಲಿಗೆ.