ಕಿಟಕಿಯಿಂದ ತೆಗೆದ ಫೋಟೊ

ನಮ್ಮ ಸೋಗಾನೆಯನ್ನು ಈಗ ವಿಮಾನ ನಿಲ್ದಾಣದ ಊರು ಅಂತಾರೆ. ಅದಕ್ಕೂ ಮೊದಲು ಜೈಲಿನ ಊರು ಅಂತಿದ್ದರು. ನಾನು ಹುಟ್ಟಿದ್ದು ಮಾತ್ರ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಸ್ಪತ್ರೆಯಲ್ಲಿ. ಅಪ್ಪ ಅಲ್ಲಿ ನೌಕರ. ಮೊದಲು ಸೈಕಲ್ಲಿನಲ್ಲಿ, ಆಮೇಲೆ ಟಿವಿಎಸ್‌ನಲ್ಲಿ ಪಾಳಿಗೆ ಹೋಗಿ ಬರ್ತಿದ್ದರು. ಜ್ವರ ಬಂದರೂ, ಕಾಲು ಮುರಿದರೂ ನಮಗೆ ಅದೇ ಆಸ್ಪತ್ರೆ.

2019ರಲ್ಲಿ ಶಂಕರಘಟ್ಟದಲ್ಲಿ ಪತ್ರಿಕೋದ್ಯಮ ಓದುವಾಗ ಒಂದು ಫೋಟೊ ಅಸೈನ್‌ಮೆಂಟ್ ಕೊಟ್ಟರು. ಬಂಗಾರಪೇಟೆಯ ಗೆಳೆಯನೊಬ್ಬ, 'ಕೆಜಿಎಫ್‌ಗೆ ಬಾ, ಪಾಳುಬಿದ್ದ ಆಸ್ಪತ್ರೆ ತೋರಿಸ್ತೀನಿ' ಅಂದ. ಮಾರಿಕುಪ್ಪಂ ರೈಲು ಹತ್ತಿ ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದೆವು. ಸುತ್ತ ಸೈನೈಡ್ ದಿಬ್ಬಗಳು. ಚಿನ್ನ ತೆಗೆದಾದ ಮೇಲೆ ಉಳಿದ ಮಣ್ಣು ಅದು.

ಚಿನ್ನದ ಗಣಿಯ ಆಸ್ಪತ್ರೆ ಅಂದರೆ ಸಣ್ಣದಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿ ಕೆಲಸಕ್ಕೆ ಕೈಹಾಕಿತು, ಜನ ಬಂದು ತುಂಬಿದರು, ಅವರ ಜೊತೆಗೇ ಆಸ್ಪತ್ರೆಯೂ ಬೆಳೆಯಿತು. 800 ಹಾಸಿಗೆ ಇದ್ದವು ಅಂತ ಅಲ್ಲಿಯ ಜನ ಈಗಲೂ ಹೆಮ್ಮೆಯಿಂದ ಹೇಳ್ತಾರೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಸಂಬಳವೇ ನಿಂತ ಊರಲ್ಲಿ ಆಸ್ಪತ್ರೆ ಎಷ್ಟು ದಿನ ನಡೆಯುತ್ತೆ?

ಒಳಗೆ ಬಿಡಲಿಲ್ಲ. ಹಾಗಾಗಿ ಹೊರಗಿನಿಂದಲೇ ಒಂದೊಂದು ಕಿಟಕಿಗೂ ಮೊಬೈಲ್ ಹಿಡಿದೆ. ತುಕ್ಕು ಹಿಡಿದ ಮಂಚ, ಗೋಡೆಯಲ್ಲಿ ಬೇರು ಬಿಟ್ಟ ಅರಳಿ ಗಿಡ, ಪಾರಿವಾಳದ ಹಿಕ್ಕೆ. ಒಂದು ಕಿಟಕಿಯ ಕೆಳಗೆ ಎಕ್ಸ್‌ರೇ ಫಿಲ್ಮ್ ಬಿದ್ದಿತ್ತು. ಅದನ್ನು ಎತ್ತಿ ಬಿಸಿಲಿಗೆ ಹಿಡಿದು ಫೋಟೊ ತೆಗೀತಿದ್ದೆ. ಆಡು ಮೇಯಿಸುತ್ತಿದ್ದ ಮುದುಕರೊಬ್ಬರು ಹತ್ತಿರ ಬಂದು ನಿಂತರು.

"ತಂಬಿ, ಅದು ಯಾರದೋ ಎದೆ" ಅಂದರು.

ಅವರೂ ಕೆಳಗೆ ಇಳಿದು ದುಡಿದವರೇ. ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಬಂಡೆ ಕೊರೆಯುವಾಗ ಏಳುವ ನುಣ್ಣನೆ ಧೂಳು ಉಸಿರಿನ ಜೊತೆ ಒಳಗೆ ಹೋಗಿ ಶ್ವಾಸಕೋಶದಲ್ಲೇ ಕೂರುತ್ತೆ, ನಿಧಾನವಾಗಿ ಅದನ್ನು ಗಟ್ಟಿ ಮಾಡುತ್ತೆ. ಸಿಲಿಕೋಸಿಸ್ ಅಂತ ಹೆಸರು. ಬಂದರೆ ಹೋಗಲ್ಲ. 1940ರಲ್ಲಿ ಮೈಸೂರು ಸರ್ಕಾರ ಈ ಕಾಯಿಲೆಗೆ ಪರಿಹಾರ ಕೊಡಬೇಕು ಅಂತ ನಿಯಮ ಮಾಡಿತು. ಆದರೆ ಕಾಯಿಲೆ ಇದೆ ಅಂತ ತೋರಿಸಬೇಕಲ್ಲ? ಅದಕ್ಕೆ ಸಾಕ್ಷಿ ಈ ಫಿಲ್ಮು.

"ಇದರಲ್ಲಿ ಬಿಳಿ ಚುಕ್ಕೆ ಕಂಡರೆ ದುಡ್ಡು. ಕಾಣಲಿಲ್ಲ ಅಂದರೆ ನಾಳೆ ಮತ್ತೆ ಕೆಳಗೆ ಇಳೀಬೇಕು. ಚುಕ್ಕೆ ಕಾಣಲಿ ಅಂತ ಬೇಡಿಕೊಂಡವರೂ ಇದ್ದರು, ಕಾಣದಿರಲಿ ಅಂತ ಬೇಡಿಕೊಂಡವರೂ ಇದ್ದರು" ಅಂದರು. ಆಮೇಲೆ ಕೆಮ್ಮಿದರು. ನೀವು ಯಾವ ಕಡೆ ಇದ್ರಿ ಅಂತ ಕೇಳೋಕೆ ನನಗೆ ಬಾಯಿ ಬರಲಿಲ್ಲ. ಫಿಲ್ಮನ್ನು ಎಲ್ಲಿ ಬಿದ್ದಿತ್ತೋ ಅಲ್ಲೇ ಇಟ್ಟೆ.

ಇಷ್ಟೆಲ್ಲ ಕೇಳಿ ಬಂದವನು ಏನು ಮಾಡಿದೆ ಗೊತ್ತಾ? ಆ ಎಕ್ಸ್‌ರೇ ಫೋಟೊವನ್ನು 'ದೆವ್ವದ ಆಸ್ಪತ್ರೆ' ಅಂತ ಬರೆದು ಹಾಕಿದೆ. ಲೈಕ್ ಬಂದವು, ತುಂಬಾ ಬಂದವು. ಮುದುಕರ ಮಾತು ಒಂದು ಸಾಲೂ ಬರೆಯಲಿಲ್ಲ.

2021ರ ಮೇ. ಅಪ್ಪನಿಗೆ ಕೋವಿಡ್. ಆಕ್ಸಿಜನ್ 86ಕ್ಕೆ ಇಳಿದಿತ್ತು. ಒಂದು ಆಸ್ಪತ್ರೆಯ ಗೇಟಿನ ಹೊರಗೆ ಆಟೋದಲ್ಲಿ ಅಪ್ಪನನ್ನು ಒರಗಿಸಿಕೊಂಡು ಕೂತಿದ್ದೆವು. ಹಾಸಿಗೆ ಇಲ್ಲ, ಕಾಯಿರಿ ಅಂದಿದ್ದರು. ಅಮ್ಮ ಬೆನ್ನು ಉಜ್ಜುತ್ತಿದ್ದರು. ಯಾರಿಗೆ ಫೋನ್ ಮಾಡಬೇಕು ಅಂತ ಮೊಬೈಲ್ ತಿರುವುವಾಗ ಸುದ್ದಿಯೊಂದು ಕಣ್ಣಿಗೆ ಬಿತ್ತು: ಇಪ್ಪತ್ತು ವರ್ಷ ಮುಚ್ಚಿದ್ದ ಕೆಜಿಎಫ್ ಗಣಿ ಆಸ್ಪತ್ರೆಯನ್ನು ಜನರೇ ಸೇರಿ ಗುಡಿಸಿ, ತೊಳೆದು, ಕೋವಿಡ್ ರೋಗಿಗಳಿಗೆ ಸಿದ್ಧ ಮಾಡ್ತಿದ್ದಾರೆ. ಫೋಟೊದಲ್ಲಿ ಸಾಲಾಗಿ ಹಾಸಿಗೆಗಳು. ನಾನು ದೆವ್ವ ಅಂದಿದ್ದ ಜಾಗ.

ಅಪ್ಪನಿಗೆ ರಾತ್ರಿ ಹನ್ನೊಂದಕ್ಕೆ ಹಾಸಿಗೆ ಸಿಕ್ಕಿತು. ಹದಿನಾರು ದಿನಕ್ಕೆ ಮನೆಗೆ ಬಂದರು. ಅವರು ಬಂದ ಸಂಜೆ ಆ ಫೋಟೊ ಅಳಿಸಿದೆ. ಅಳಿಸಿದ್ದು ಯಾರಿಗೂ ಗೊತ್ತೂ ಆಗಲಿಲ್ಲ ಬಿಡಿ.

2023ರ ಜನವರಿಯಲ್ಲಿ ಭದ್ರಾವತಿ ಕಾರ್ಖಾನೆ ಮುಚ್ಚುವ ಸುದ್ದಿ ಬಂತು. ಕಾಗದದ ಕಾರ್ಖಾನೆ ನಿಂತು ಹೋಗಿದ್ದನ್ನು ನಾವು ಆಗಲೇ ಕಂಡಿದ್ದೆವು. ಕಾರ್ಮಿಕರು ಬೀದಿಗಿಳಿದರು. ಆಮೇಲೆ ಒಂದಷ್ಟು ಕೆಲಸ ಮತ್ತೆ ಶುರುವಾಯಿತು, ಆದರೆ ಆ ಜನವರಿಯಲ್ಲಿ ಅದು ಯಾರಿಗೆ ಗೊತ್ತಿತ್ತು? ಅಪ್ಪ ಬೆಳಿಗ್ಗೆ ಬೆಳಿಗ್ಗೆಯೇ ಇಸ್ತ್ರಿ ಮಾಡಿದ ಅಂಗಿ ಹಾಕಿ, "ನಡಿ, ಆಸ್ಪತ್ರೆ ಹತ್ತಿರ ಹೋಗಿ ಬರೋಣ. ನಿನ್ನ ಮೊಬೈಲ್ ತಗೋ" ಅಂದರು.

"ಯಾಕಪ್ಪಾ?"

"ಮುಚ್ಚಿದ ಮೇಲೆ ತೆಗೆಯೋಕೆ ಸಾವಿರ ಜನ ಬರ್ತಾರೆ. ಈಗ ತೆಗಿ."

ಗೇಟಿನ ಹತ್ತಿರ ನಿಂತು ಅಪ್ಪ ಒಂದು ಕಿಟಕಿಯ ಕಡೆ ಕೈ ತೋರಿಸಿದರು. ನಾನು ಹುಟ್ಟಿದ್ದು ಅದೇ ವಾರ್ಡಿನಲ್ಲಂತೆ. ಅಷ್ಟರಲ್ಲಿ ಯಾರೋ ಹಳೆಯ ಪರಿಚಯದವರು ಸ್ಕೂಟರ್ ನಿಲ್ಲಿಸಿ ಮಾತಿಗೆ ಇಳಿದರು. ಫೋಟೊದಲ್ಲಿ ಕಿಟಕಿ ಅರ್ಧ ಮಾತ್ರ ಬಂದಿದೆ. ಉಳಿದರ್ಧ ಅವರ ಹೆಲ್ಮೆಟ್ಟಿನ ಹಿಂದೆ.