ಕಾಲುವೆಯ ನಾಡಿಗೆ ಬಂದ ಗೆಳೆಯ

2024ರ ನವೆಂಬರ್ ತಿಂಗಳ ಒಂದು ಬೆಳಗು. ಅಮರಾವತಿ ಎಕ್ಸ್‌ಪ್ರೆಸ್ ರೈಲಿನಿಂದ ಕೊಪ್ಪಳದ ನಿಲ್ದಾಣದಲ್ಲಿ ಮುದುಕನೊಬ್ಬ ಇಳಿದನು. ಕೈಯಲ್ಲಿ ಒಂದು ಚೀಲ, ಬಗಲಲ್ಲಿ ತೆಂಗಿನಕಾಯಿಗಳ ಗಂಟು. ಅವನನ್ನು ಎದುರುಗೊಳ್ಳಲು ನಿಂತಿದ್ದವನೂ ಮುದುಕನೇ. ಗೋದಾವರಿಯ ಬಯಲಿನ ಒಂದೇ ಹಳ್ಳಿಯಲ್ಲಿ, ಒಂದೇ ಶಾಲೆಯ ಜಗಲಿಯ ಮೇಲೆ ಇಬ್ಬರೂ ಅಕ್ಷರ ತಿದ್ದಿದವರು. 1958ರಲ್ಲಿ ಒಬ್ಬನ ತಂದೆ ಅಲ್ಲಿಯ ನೆಲವನ್ನು ಮಾರಿ, ಎಂಟು ವರ್ಷದ ಮಗನನ್ನು ಕಟ್ಟಿಕೊಂಡು ಗಂಗಾವತಿಯ ಕಡೆಗೆ ಬಂದನು. ಇನ್ನೊಬ್ಬನು ಅಲ್ಲಿಯೇ ಉಳಿದನು. ಮದುವೆ ಮುಂಜಿಗಳಿಗೆ ಇವನು ಅಲ್ಲಿಗೆ ಹೋಗಿಬಂದದ್ದುಂಟು. ಅವನು ಈ ನಾಡಿಗೆ ಬಂದದ್ದು ಇದೇ ಮೊದಲು.

“ಬಾವಾ, ನಾಲ್ಕು ದಿನ ಇದ್ದು ನಿನ್ನ ದೇಶವನ್ನೆಲ್ಲ ನೋಡಿಯೇ ಹೋಗುವವನು” ಎಂದನು ಅತಿಥಿ. ಆತ ಹೊತ್ತು ತಂದ ಇನ್ನೊಂದು ಮಾತಿತ್ತು. ಅದನ್ನು ಆಗಲೇ ಆಡಲಿಲ್ಲ.

ಗಂಗಾವತಿಯ ಸುತ್ತಲಿನ ಸೀಮೆಯನ್ನು ಬಲ್ಲವರಿಗೆ ‘ಕ್ಯಾಂಪು’ ಎಂಬ ಮಾತಿನ ಪರಿಚಯವಿದೆ. ತುಂಗಭದ್ರೆಯ ಅಣೆಕಟ್ಟಿಗೆ 1945ರ ಫೆಬ್ರವರಿ 28ರಂದು ಅಡಿಗಲ್ಲು ಹಾಕಿದಾಗ ಎಡದಂಡೆಯಲ್ಲಿ ನಿಜಾಮರ ಆಡಳಿತ, ಬಲದಂಡೆಯಲ್ಲಿ ಮದರಾಸು ಪ್ರಾಂತ. 1953ರಲ್ಲಿ ನೀರು ನಿಂತಿತು. ಎಡದಂಡೆಯ ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿಯನ್ನು ಹಾದು ರಾಯಚೂರಿನ ಕಡೆಗೆ ಹರಿಯಿತು. ನೀರನ್ನು ಕಟ್ಟಿ ಬೆಳೆಯುವುದರಲ್ಲಿ ಪಳಗಿದ ಕರಾವಳಿ ಆಂಧ್ರದ ರೈತರು ಆಗ ತಂಡತಂಡವಾಗಿ ಬಂದರು. ಅಲ್ಲಿ ಒಂದೆಕರೆ ಮಾರಿದ ಹಣಕ್ಕೆ ಇಲ್ಲಿ ಹಲವು ಎಕರೆ ಎರೆನೆಲ ದೊರೆಯುತ್ತಿತ್ತು. ಊರಾಚೆ ಗುಡಿಸಲು ಹಾಕಿಕೊಂಡು, ನೆಲವನ್ನು ಮಟ್ಟಮಾಡಿ, ಬದು ಕಟ್ಟಿ ಭತ್ತ ಹಚ್ಚಿದರು. ಗುಡಿಸಲುಗಳಿದ್ದ ಎಡೆಯಲ್ಲಿ ಇಂದು ಮಾಳಿಗೆಗಳಿವೆ, ಅಕ್ಕಿಯ ಗಿರಣಿಗಳಿವೆ, ರಾಮನ ಗುಡಿಗಳಿವೆ. ಆದರೂ ಕ್ಯಾಂಪು ಎಂಬ ಹೆಸರು ಬಿಟ್ಟುಹೋಗಿಲ್ಲ.

ಮೊದಲ ದಿನ ಆತಿಥೇಯನು ಗೆಳೆಯನನ್ನು ಗದ್ದೆಗೆ ಕರೆದೊಯ್ದನು. ಸೋನಾ ಮಸೂರಿಯ ತೆನೆ ಬಾಗಿ ನಿಂತಿತ್ತು. ದೂರದಲ್ಲಿ ಕೊಯ್ಲಿನ ಯಂತ್ರ ಗುಡುಗುತ್ತಿತ್ತು.

“ಇದಕ್ಕೆ ಗೌಡರ ಹೊಲ ಎನ್ನುತ್ತಾರೆ” ಎಂದನು.

“ನಿನ್ನದಲ್ಲವೇ?”

“ನನ್ನದೇ. ಅಪ್ಪ ಕೊಂಡದ್ದು ಗೌಡರಿಂದ. ಆಳುಗಳು ಇಂದಿಗೂ ಹಾಗೆಯೇ ಕರೆಯುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ.”

ಅತಿಥಿ ನಕ್ಕನು. ಅರುವತ್ತಾರು ವರ್ಷ ಉತ್ತರೂ ಹೊಲ ಒಡೆಯನ ಹೆಸರನ್ನು ಹಿಡಿಯಲಿಲ್ಲವೆಂಬುದು ಅವನಿಗೆ ವಿಚಿತ್ರವಾಗಿ ಕಂಡಿತು.

ಮರುದಿನ ಮುನಿರಾಬಾದಿಗೆ ಹೋದರು. ಅಣೆಕಟ್ಟಿನ 33 ತೂಬುಗಳಲ್ಲಿ ಹತ್ತೊಂಬತ್ತನೆಯದರ ಬಾಗಿಲು ಅದೇ ವರ್ಷದ ಆಗಸ್ಟ್ 10ರ ರಾತ್ರಿ ಸರಪಳಿ ಹರಿದು ಕೊಚ್ಚಿಹೋಗಿತ್ತು. ಆ ರಾತ್ರಿ ಕ್ಯಾಂಪುಗಳಲ್ಲಿ ಯಾರೂ ಮಲಗಲಿಲ್ಲ. ವರ್ಷದ ಬೆಳೆಯೇ ಕಣ್ಣೆದುರಿಗೆ ಹರಿದುಹೋಗುತ್ತಿದೆಯೆಂಬ ಭೀತಿ. ಒಂದು ವಾರ ಕಳೆಯುವಷ್ಟರಲ್ಲಿ, ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ತಾತ್ಕಾಲಿಕವಾಗಿ ಮುಚ್ಚಿದರು. ಮಳೆಯೂ ಕೈಬಿಡಲಿಲ್ಲ, ಜಲಾಶಯ ಮತ್ತೆ ತುಂಬಿತು. ಇದನ್ನು ಹೇಳುವಾಗ ಆತಿಥೇಯನ ದನಿ ನಡುಗಿತು. ಆದರೆ ಜೊತೆಗೆ ಬಂದಿದ್ದ ಮೊಮ್ಮಗಳು, ಕಾಲೇಜಿನಲ್ಲಿ ಇತಿಹಾಸ ಓದುವವಳು, ಇನ್ನೊಂದು ಕಥೆಯನ್ನೂ ಹೇಳಿದಳು. ಈ ನೀರಿನ ಅಡಿಯಲ್ಲಿ ಸುಮಾರು 90 ಹಳ್ಳಿಗಳು ಮುಳುಗಿವೆ. ಯೋಜನೆ ಮಾಡಿದವರ ಎಣಿಕೆಯಲ್ಲಿ ಈ ನೀರು ಬಹುಪಾಲು ಜೋಳ, ಹತ್ತಿ, ಶೇಂಗಾಗಳಿಗೆ ತೆಳುವಾಗಿ ಹಂಚಿಹೋಗಬೇಕಾಗಿತ್ತು. ಕಾಲುವೆಯ ತಲೆಯಲ್ಲಿ ಭತ್ತ ಹಬ್ಬಿದ್ದರಿಂದ ರಾಯಚೂರು ಕಡೆಯ ಕೊನೆಯ ಹೊಲಗಳು ಬಾಯಿಬಿಟ್ಟು ಕಾಯುತ್ತವೆ.

“ನಾವು ಕುಡಿದದ್ದು ಯಾರದೋ ಪಾಲು ಎನ್ನುತ್ತೀಯಾ?” ಎಂದನು ತಾತ.

“ನಾನೆನ್ನುವುದಿಲ್ಲ ತಾತಾ, ಕಾಲುವೆಯ ಲೆಕ್ಕ ಎನ್ನುತ್ತದೆ” ಎಂದಳು ಹುಡುಗಿ.

ಮೂರನೆಯ ದಿನ ಆನೆಗೊಂದಿ. ಬಂಡೆಗಳ ನಡುವೆ ತುಂಗಭದ್ರೆ, ದಡದಲ್ಲಿ ಹರಿಗೋಲು, ಅಂಜನಾದ್ರಿಯ ಮೆಟ್ಟಿಲುಗಳಲ್ಲಿ ಭಕ್ತರ ಸಾಲು. ಹಳೆಯ ಊರಿನ ಮಗ್ಗುಲಲ್ಲಿ ಬಾಳೆ, ತೆಂಗು, ಭತ್ತದ ಹಸುರನ್ನು ಕಂಡು ಅತಿಥಿ, “ಇದೂ ಕ್ಯಾಂಪಿನವರ ಕೆಲಸವೇ?” ಎಂದು ಕೇಳಿದನು. ಅಲ್ಲ. ವಿಜಯನಗರದ ಅರಸರು ಕಟ್ಟಿಸಿದ ಅಣೆಗಳ ನೀರು ಅಲ್ಲಿ ಅಂದಿನಿಂದಲೂ ಹರಿಯುತ್ತಿದೆ. ಈ ನೆಲಕ್ಕೆ ಭತ್ತ ಕಲಿಸಿದವರು ತಾವೇ ಎಂದು ಕ್ಯಾಂಪಿನ ಹಿರಿಯರು ಹೇಳಿಕೊಳ್ಳುವುದುಂಟು. ಆನೆಗೊಂದಿಯ ಮುಂದೆ ಆ ಮಾತನ್ನು ಸ್ವಲ್ಪ ಮೆಲ್ಲಗೆ ಆಡಬೇಕಾಗುತ್ತದೆ.

ಕಡೆಯ ದಿನ ಕಾರು ಕಾಲುವೆಯನ್ನು ಹಿಂದಿಟ್ಟು ಉತ್ತರಕ್ಕೆ ಹೊರಟಿತು. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬುದು ಈ ಕಡೆಯ ಗಾದೆ. ಕನಕಾಚಲಪತಿಯ ದರ್ಶನ ಮಾಡಿ ಮುಂದೆ ಸಾಗಿದರೆ ಹಸುರು ಕತ್ತರಿಸಿದಂತೆ ನಿಂತುಹೋಗುತ್ತದೆ. ಕುಷ್ಟಗಿಯ ಸೀಮೆಯಲ್ಲಿ ಕೆಂಪು ಮಸಾರಿ, ಸಜ್ಜೆ ಕೊಯ್ದ ಕೂಳೆ, ಕಲ್ಲುಬಂಡೆ. ಒಂದೇ ಜಿಲ್ಲೆಯೊಳಗೆ ಎರಡು ದೇಶ! ಆತಿಥೇಯನು ಈ ದಾರಿಯಲ್ಲಿ ಬಂದು ಎಷ್ಟೋ ವರ್ಷಗಳಾಗಿದ್ದವು.

ದಾರಿಯ ಬದಿಯ ಬೇವಿನ ಕೆಳಗೆ ಊಟದ ಗಂಟು ಬಿಚ್ಚಿದರು. ಅಲ್ಲಿಯೇ ಕುಳಿತಿದ್ದ ಮುದುಕನೊಬ್ಬ ಕೇಳಿದನು:

“ಯಾವ ಕಡ್ಯಾಗಿಂದ ಬಂದೀರಿ?”

“ಗಂಗಾವತಿ ಕಡ್ಯಾಗಿಂದ್ರಿ.”

“ಕ್ಯಾಂಪಿನವ್ರೇನ್ರಿ?”

ಆತಿಥೇಯನ ಮುಖ ಸಣ್ಣದಾಯಿತು. ಮೊಮ್ಮಗಳೇ ಉತ್ತರ ಕೊಟ್ಟಳು: “ಹೌದ್ರಿ ಅಜ್ಜಾ, ಕ್ಯಾಂಪಿನವ್ರs.”

“ನಮ್ಮಾಕಿ ಮೊದಲ ನಿಮ್ಮ ಕಡೆ ನಾಟಿ ಹಚ್ಚಾಕ ಬರತಿದ್ಲು. ಮಳಿ ಇಲ್ಲದ ವರ್ಷ ನಿಮ್ಮ ಕೂಲೀನs ನಮ್ಮ ಹೊಟ್ಟಿ ತುಂಬಿಸೇತಿ. ಆದ್ರ ಆ ನೀರೊಂದು ಈ ಕಡೆ ಹೊಳ್ಳಲಿಲ್ಲ ನೋಡ್ರಿ” ಎಂದು ಮುದುಕ ತನ್ನ ಬುತ್ತಿಯಿಂದ ಎರಡು ಸಜ್ಜೆ ರೊಟ್ಟಿ ತೆಗೆದು, ಗುರೆಳ್ಳು ಚಟ್ನಿ ಹಚ್ಚಿ, ಅತಿಥಿಯ ಕೈಗೆ ಕೊಟ್ಟನು. ಅವನು ಕೊಟ್ಟದ್ದರಲ್ಲಿ ಮುನಿಸಿರಲಿಲ್ಲ, ಆಡಿದ್ದರಲ್ಲಿ ಸುಳ್ಳಿರಲಿಲ್ಲ. ಗೋದಾವರಿಯ ಅನ್ನ ಉಂಡ ಬಾಯಿ ಆ ರೊಟ್ಟಿಯನ್ನು ಬಹಳ ಹೊತ್ತು ಅಗಿಯಿತು.

ಯಲಬುರ್ಗಾವನ್ನು ಹಾದು ಇಟಗಿಗೆ ಬಂದರು. ಹಿಂದೆ ಯಲಬುರ್ಗಾ ತಾಲ್ಲೂಕಿಗೂ ಈಗ ಕುಕನೂರು ತಾಲ್ಲೂಕಿಗೂ ಸೇರಿದ ಈ ಊರಿನಲ್ಲಿ, ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯವಿದೆ. ಶಾಸನ ಅದನ್ನು ದೇವಾಲಯ ಚಕ್ರವರ್ತಿಯೆಂದು ಕೊಂಡಾಡಿದೆ. ಕಡೆದು ಹೊಳಪೇರಿಸಿದ ಕಂಬಗಳನ್ನು ಮುಟ್ಟಿನೋಡುತ್ತ ಆತಿಥೇಯನು ಮೆಲ್ಲನೆ ಹೇಳಿದನು: “ಬಾವಾ, ನಿನಗೆ ತೋರಿಸಬೇಕೆಂದು ಬಂದೆ. ನಾನೂ ನೋಡುತ್ತಿರುವುದು ಇದೇ ಮೊದಲು.”

ಸಂಜೆಗೆ ಕೊಪ್ಪಳದ ಗವಿಮಠದ ಬೆಟ್ಟ. ಚಾಚಿಕೊಂಡ ಬಂಡೆಯ ನೆರಳಿನಲ್ಲಿ ಅಶೋಕನ ಶಾಸನ. 1931ರಲ್ಲಿ ಬೆಳಕಿಗೆ ಬಂದದ್ದು. ಅದರ ಇನ್ನೊಂದು ಪ್ರತಿ ಪಾಲ್ಕಿಗುಂಡಿನ ಮೇಲಿದೆ, ಆದರೆ ಅಲ್ಲಿಗೆ ಏರಲು ಇಬ್ಬರ ಮೊಣಕಾಲುಗಳೂ ಒಪ್ಪಲಿಲ್ಲ. ಕವಿರಾಜಮಾರ್ಗವು ಕನ್ನಡದ ತಿರುಳನ್ನು ಗುರುತಿಸಲು ಹೆಸರಿಸಿದ ನಾಲ್ಕು ಊರುಗಳಲ್ಲಿ ಈ ಕೊಪಣವೂ ಒಂದು. “ಅಂಥ ಊರಿನ ಅತಿ ಹಳೆಯ ಬರೆಹ ಕನ್ನಡದಲ್ಲಿಲ್ಲ ತಾತಾ, ಪ್ರಾಕೃತದಲ್ಲಿದೆ, ಬ್ರಾಹ್ಮೀ ಲಿಪಿ” ಎಂದಳು ಹುಡುಗಿ. “ಏನು ಬರೆದಿದೆ?” ಎಂದನು ಅತಿಥಿ. ಶ್ರಮಪಟ್ಟರೆ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸ್ವರ್ಗ ದೊರೆಯುತ್ತದೆಯೆಂದು ಅದರ ತಾತ್ಪರ್ಯ. ಅವಳು ಅದನ್ನು ತೆಲುಗಿನಲ್ಲಿ ಹೇಳಹೊರಟು, ನಡುವೆ ಮಾತು ತೋಚದೆ, ಕನ್ನಡದಲ್ಲಿ ಮುಗಿಸಿದಳು. ಮುದುಕರಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು.

ರಾತ್ರಿಯ ರೈಲಿಗೆ ಇನ್ನೂ ಹೊತ್ತಿತ್ತು. ಕಿನ್ನಾಳದ ಚಿತ್ರಗಾರರು ಹಗುರ ಮರದಿಂದ ಮಾಡಿ, ಹುಣಿಸೆಬೀಜದ ಅಂಟಿನ ಕಿಟ್ಟ ಮೆತ್ತಿ ಬಣ್ಣವಿಟ್ಟ ಒಂದು ಗಿಳಿಯ ಬೊಂಬೆ ಅತಿಥಿಯ ಚೀಲದಲ್ಲಿತ್ತು. ನಿಲ್ದಾಣದ ಕಲ್ಲಿನ ಮೇಲೆ ಕುಳಿತು ಆತ ಕೊನೆಗೂ ತಾನು ತಂದ ಮಾತನ್ನು ಆಡಿದನು. ಊರಿನಲ್ಲಿ ಗೆಳೆಯನ ತಂದೆ ಮಾರಿದ ಮನೆ ಮತ್ತೆ ಮಾರಾಟಕ್ಕೆ ಬಂದಿದೆ. ಬೆಲೆ ಹೆಚ್ಚೇನಲ್ಲ. ಕೊಂಡು ಕಡೆಗಾಲಕ್ಕೆ ಬಂದುಬಿಡಬಾರದೇ?

ಆತಿಥೇಯನು ಬಹಳ ಹೊತ್ತು ಸುಮ್ಮನಿದ್ದನು.

“ಆ ಮನೆಯನ್ನು ಈಗ ಏನೆಂದು ಕರೆಯುತ್ತಾರೆ?”

“ಏನೆಂದು? ನಿಮ್ಮ ಮನೆತನದ ಹೆಸರಿನಿಂದಲೇ. ಕೈಬದಲಾಗಿ ಇಷ್ಟು ಕಾಲವಾದರೂ ಊರವರಿಗೆ ಅದು ನಿಮ್ಮ ಮನೆಯೇ.”

“ಹಾಗಾದರೆ ಅಷ್ಟು ಸಾಕು, ಬಾವಾ. ಇರುವವರು ಯಾರಾದರೂ ಇರಲಿ.”

ರೈಲು ಹೊರಟಿತು. ಕಾರಿನಲ್ಲಿ ಹಿಂತಿರುಗುವಾಗ ಮೊಮ್ಮಗಳು, ಕೊಯ್ಲಿನ ಯಂತ್ರ ನಾಳೆ ಎಲ್ಲಿಗೆ ಬರಬೇಕೆಂದು ಡ್ರೈವರ್ ಕೇಳುತ್ತಿದ್ದಾನೆ ಎಂದಳು.

“ಗೌಡರ ಹೊಲಕ್ಕೆ ಎಂದು ಹೇಳು” ಎಂದನು ತಾತ.